ಕ್ಯಾಮೆರಾಗೆ ಕಾಣುವುದು ದೀಪ ತೋರಿಸಿದಷ್ಟೇ

1989ರ ಜುಲೈ 19ರಂದು ಡೆನ್ವರ್‌ನಿಂದ ಶಿಕಾಗೊಗೆ ಹಾರುತ್ತಿದ್ದ ಯುನೈಟೆಡ್ ಏರ್‌ಲೈನ್ಸ್‌ನ 232ನೇ ವಿಮಾನದ ಬಾಲದ ಎಂಜಿನ್ ಆಕಾಶದಲ್ಲೇ ಸಿಡಿಯಿತು. ಫ್ಯಾನಿನ ಅಲಗುಗಳನ್ನು ಹಿಡಿದಿಡುವ ಟೈಟಾನಿಯಂ ಡಿಸ್ಕ್ ಒಡೆದು ಹಾರಿತು. ಸಿಡಿದ ಚೂರುಗಳು, ದ್ರವದ ಒತ್ತಡದಿಂದ ವಿಮಾನವನ್ನು ತಿರುಗಿಸಿ ನಿಯಂತ್ರಿಸುವ ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳನ್ನು ಕೆಡಿಸಿಹಾಕಿದವು. ಅಯೋವಾ ರಾಜ್ಯದ ಸೂ ಸಿಟಿಯ ರನ್‌ವೇಗೆ ವಿಮಾನ ಅಪ್ಪಳಿಸಿತು. ಅದರಲ್ಲಿದ್ದ 296 ಮಂದಿಯಲ್ಲಿ ಒಟ್ಟು 112 ಮಂದಿ ಪ್ರಾಣ ಕಳೆದುಕೊಂಡರು. ಉಳಿದೆರಡು ಎಂಜಿನ್‌ಗಳ ವೇಗವನ್ನಷ್ಟೇ ಏರಿಸಿ ಇಳಿಸಿ ವಿಮಾನವನ್ನು ಅಲ್ಲಿಯವರೆಗೆ ತಂದ ಪೈಲಟ್‌ಗಳ ಸಾಹಸ ಲೋಕಕ್ಕೆಲ್ಲ ಗೊತ್ತು. ಆದರೆ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖಾ ವರದಿಯಲ್ಲಿ ಇನ್ನೊಂದು ಸಂಗತಿ ಇದೆ. ಅದನ್ನು ಬಲ್ಲವರು ಕಡಿಮೆ.

ಆ ಡಿಸ್ಕ್‌ನ ಒಳರಂಧ್ರದ ಬಳಿ ಬಿರುಕೊಂದು ವರ್ಷಗಟ್ಟಲೆ ಬೆಳೆಯುತ್ತ ಬಂದಿತ್ತು. ಅಪಘಾತಕ್ಕೆ 760 ಹಾರಾಟಗಳ ಮುಂಚೆ, 1988ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದ ಕಾರ್ಯಾಗಾರದಲ್ಲಿ ಅದನ್ನು ಬಿಚ್ಚಿ ತಪಾಸಣೆ ಮಾಡಿದ್ದರು. ಆ ಹೊತ್ತಿಗಾಗಲೇ ಬಿರುಕು ಮೇಲ್ಮೈಯಲ್ಲಿ ಸುಮಾರು ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್ ಉದ್ದವಿತ್ತು ಎಂಬುದು ತನಿಖೆಯ ಅಂದಾಜು. ಬಳಸಿದ್ದು ಹೊಳೆಯುವ ದ್ರಾವಣವನ್ನು ಬಿರುಕಿನೊಳಗೆ ಇಳಿಸಿ, ನೇರಳಾತೀತ ದೀಪದಡಿ ನೋಡುವ ವಿಧಾನ. ಅಪಘಾತದ ಬಳಿಕ ಬಿರುಕಿನ ಮುಖವನ್ನು ರಾಸಾಯನಿಕವಾಗಿ ಪರೀಕ್ಷಿಸಿದಾಗ ಅದೇ ದ್ರಾವಣದ ಅಂಶಗಳು ಅಲ್ಲಿ ಸಿಕ್ಕವು. ದ್ರಾವಣ ಒಳಗಿಳಿದು ತನ್ನ ಕೆಲಸ ಮಾಡಿತ್ತು. ದೀಪ ಹಿಡಿದು ನೋಡಿದವರ ಕಣ್ಣಿಗೆ ಅದು ಬೀಳಲಿಲ್ಲ, ಅಷ್ಟೇ. ಡಿಸ್ಕನ್ನು ತೂಗುಹಾಕಿದ್ದ ಕೇಬಲ್ ಆ ಜಾಗವನ್ನು ಮರೆಮಾಡಿತ್ತೇನೊ ಎಂಬುದೂ ಸೇರಿ ಹಲವು ಸಾಧ್ಯತೆಗಳನ್ನು ಮಂಡಳಿ ಮುಂದಿಟ್ಟಿತು.

ಈ ಹಳೆಯ ಪ್ರಕರಣವನ್ನು ಈಗ ಎತ್ತಿಕೊಳ್ಳಲು ಎರಡು ಕಾರಣಗಳಿವೆ. ಕಾರ್ಖಾನೆಗಳಲ್ಲಿ, ರೈಲು ಹಳಿಗಳ ಪಕ್ಕದಲ್ಲಿ, ಧಾನ್ಯದ ಗಿರಣಿಗಳಲ್ಲಿ ಮನುಷ್ಯರ ಕಣ್ಣಿನ ಜಾಗಕ್ಕೆ ಕ್ಯಾಮೆರಾ ಮತ್ತು ಕೃತಕ ಬುದ್ಧಿಮತ್ತೆಯನ್ನು ತಂದು ಕೂರಿಸುವ ಭರಾಟೆ ಜೋರಾಗಿದೆ. ಅದೇ ಹೊತ್ತಿಗೆ, ಎಂಟು ದಶಕಗಳ ಕಾಲ ಬಿರುಕುಗಳನ್ನು ತೋರಿಸಿಕೊಟ್ಟ ಪಾದರಸದ ದೀಪ ಅಂತರರಾಷ್ಟ್ರೀಯ ಒಪ್ಪಂದಗಳ ಒತ್ತಡದಿಂದ ಜಾಗ ಖಾಲಿ ಮಾಡುತ್ತಿದೆ. ಮೊದಲನೆಯದರ ಬಗ್ಗೆ ದಿನಕ್ಕೊಂದು ಸುದ್ದಿ ಬರುತ್ತದೆ. ಎರಡನೆಯದನ್ನು ಕೇಳುವವರೇ ಇಲ್ಲ. ತಪಾಸಣೆ ಗೆಲ್ಲುವುದೂ ಸೋಲುವುದೂ ಹೆಚ್ಚಾಗಿ ದೀಪದ ಹಂತದಲ್ಲೇ ಎಂಬುದು ನನ್ನ ವಾದ. ದೀಪ ಎತ್ತಿ ತೋರಿಸದೆ ಬಿಟ್ಟದ್ದನ್ನು ಎಷ್ಟು ಮೆಗಾಪಿಕ್ಸೆಲ್‌ನ ಕ್ಯಾಮೆರಾ ಆದರೂ, ಎಂಥ ಸಾಫ್ಟ್‌ವೇರ್ ಆದರೂ ಹುಡುಕಿ ಕೊಡಲಾರದು.

ಕತ್ತಲೆ ಕೋಣೆಯೊಳಗೆ

ಈ ವಿಧಾನದ ಹುಟ್ಟು ರೈಲ್ವೆ ವರ್ಕ್‌ಶಾಪ್‌ಗಳಲ್ಲಿದೆ. ಹಬೆ ಎಂಜಿನ್ನುಗಳ ಕಾಲದಲ್ಲಿ ಅಚ್ಚು, ಕಡ್ಡಿ, ಚಕ್ರಗಳನ್ನು ಈಗಾಗಲೇ ಬಳಸಿ ಬಿಟ್ಟ ಕಪ್ಪೆಣ್ಣೆಯಲ್ಲಿ ನೆನೆಸುತ್ತಿದ್ದರು. ಆಮೇಲೆ ಒರೆಸಿ, ಸುಣ್ಣದಂಥ ಬಿಳಿಪುಡಿ ಬಳಿಯುತ್ತಿದ್ದರು. ಬಿರುಕಿನೊಳಗೆ ಉಳಿದ ಎಣ್ಣೆ ನಿಧಾನವಾಗಿ ಹೊರಗೆ ಒಸರಿ ಬಿಳಿಯ ಮೇಲೆ ಕಪ್ಪು ಗೆರೆ ಎಳೆಯುತ್ತಿತ್ತು. ಅಗ್ಗದ ಉಪಾಯ, ದೊಡ್ಡ ಬಿರುಕುಗಳಿಗೆ ಸಾಕು. ವಿಮಾನದ ಭಾಗಗಳಲ್ಲಿ ಬರುವ ಕೂದಲೆಳೆಯ ಸೀಳಿಗೆ ಸಾಲದು.

1903ರ ಸುಮಾರಿಗೆ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಕಣ್ಣಿಗೆ ಕಾಣುವ ಬೆಳಕನ್ನು ತಡೆದು ನೇರಳಾತೀತವನ್ನು ಮಾತ್ರ ದಾಟಿಸುವ ಫಿಲ್ಟರನ್ನು ಸಿದ್ಧಪಡಿಸಿದರು. ಚರ್ಮರೋಗ ತಜ್ಞರು ಇಂದಿಗೂ ವುಡ್ ದೀಪ ಎನ್ನುವುದು ಅವರ ಹೆಸರಿನಿಂದಲೇ. ಮುಂದೆ ಹೊಳೆಯುವ ಬಣ್ಣಗಳ ಹುಚ್ಚು ಹಿಡಿಸಿಕೊಂಡಿದ್ದ ರಾಬರ್ಟ್ ಮತ್ತು ಜೋಸೆಫ್ ಸ್ವಿಟ್ಜರ್ ಎಂಬ ಸಹೋದರರು ಕಪ್ಪೆಣ್ಣೆಯ ಜಾಗಕ್ಕೆ ಹೊಳೆಯುವ ದ್ರಾವಣವನ್ನು ತಂದರು. ಮ್ಯಾಗ್ನಾಫ್ಲಕ್ಸ್ ಕಂಪನಿ ಅದನ್ನು ಎರಡನೇ ಮಹಾಯುದ್ಧದ ವೇಳೆಗೆ ಮಾರುಕಟ್ಟೆಗೆ ಬಿಟ್ಟಿತು. ಯುದ್ಧವಿಮಾನಗಳ ಕಾರ್ಖಾನೆಗಳಿಗೆ ಬೇಕಾಗಿದ್ದೂ ಇದೇ.

ಇಂದಿಗೂ ಕೆಲಸದ ಕ್ರಮ ಹೆಚ್ಚು ಬದಲಾಗಿಲ್ಲ. ಭಾಗವನ್ನು ಚೊಕ್ಕವಾಗಿ ತೊಳೆದು ಒಣಗಿಸಿ ಪೆನೆಟ್ರೆಂಟ್ ಎಂಬ ಆ ಹೊಳೆಯುವ ದ್ರಾವಣದಲ್ಲಿ ಅದ್ದುತ್ತಾರೆ. ದ್ರವ ಸಂದುಗೊಂದಿಗೆ ಇಳಿಯಲು ನಿಗದಿತ ಹೊತ್ತು ಬಿಟ್ಟು, ಮೇಲ್ಮೈಯಲ್ಲಿ ಉಳಿದದ್ದನ್ನು ತೊಳೆದು, ಮತ್ತೆ ಒಣಗಿಸಿ, ಒಳಗಿಳಿದ ದ್ರವವನ್ನು ಹೊರಗೆಳೆಯುವ ಡೆವಲಪರ್ ಪುಡಿ ಉದುರಿಸುತ್ತಾರೆ. ಆಮೇಲೆ ಅದು ಕಪ್ಪು ಪರದೆಯ ಬೂತಿಗೆ ಹೋಗುತ್ತದೆ. ಅಲ್ಲಿನ ನಿಯಮಗಳು ಬಿಗಿ. ಭಾಗದ ಮೇಲೆ ಬೀಳುವ ನೇರಳಾತೀತದ ತೀಕ್ಷ್ಣತೆ ಚದರ ಸೆಂಟಿಮೀಟರಿಗೆ ಕನಿಷ್ಠ 1000 ಮೈಕ್ರೊವಾಟ್ ಇರಬೇಕು. ಸಾಮಾನ್ಯ ಬೆಳಕು ಸುಮಾರು 20 ಲಕ್ಸ್ (ಬೆಳಕಿನ ಅಳತೆಯ ಮಾನ) ಮೀರಬಾರದು. ಒಳಗೆ ಹೋದ ತಪಾಸಕರು ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಕನಿಷ್ಠ ಒಂದು ನಿಮಿಷ ಸುಮ್ಮನೆ ಕಾಯಬೇಕು. ಬಿಸಿಲಿಗೆ ಕಪ್ಪಾಗುವ ಕನ್ನಡಕ ಹಾಕುವಂತಿಲ್ಲ, ಏಕೆಂದರೆ ನೇರಳಾತೀತಕ್ಕೂ ಅದು ಕಪ್ಪಾಗುತ್ತದೆ. ಇಷ್ಟೆಲ್ಲ ಆದ ಮೇಲೆ ಕಡುನೇರಳೆ ಮಬ್ಬಿನ ನಡುವೆ ಹಳದಿಹಸಿರು ಬಣ್ಣದ ಸಣ್ಣ ಗೆರೆ ಹೊಳೆದರೆ ಭಾಗ ತಿರಸ್ಕೃತ. ಬೆಂಗಳೂರಿನ ವಿಮಾನ ಬಿಡಿಭಾಗ ತಯಾರಿಕಾ ಘಟಕಗಳಲ್ಲಿ ಇಂಥ ಬೂತುಗಳು ದಿನವೂ ಕೆಲಸ ಮಾಡುತ್ತವೆ.

ಬಿರುಕು ಕೂದಲೆಳೆಗಿಂತ ಸಣ್ಣದಿರಬಹುದು. ಕಣ್ಣಿಗೆ ಬೀಳುವುದು ಬಿರುಕಿನ ಆಕಾರವಲ್ಲ, ಕತ್ತಲೆಯ ಹಿನ್ನೆಲೆಗೂ ಹೊಳೆಯುವ ಚುಕ್ಕಿಗೂ ಇರುವ ಅಂತರ. ನಕ್ಷತ್ರದ ಗಾತ್ರ ಕಣ್ಣಿನ ಅಳತೆಗೆ ಸಿಗದಿದ್ದರೂ ನಕ್ಷತ್ರ ಕಾಣುವುದು ಇದೇ ಕಾರಣಕ್ಕೆ. ಹಿನ್ನೆಲೆ ತುಸು ಬೆಳಗಿದರೂ ಲೆಕ್ಕ ತಪ್ಪುತ್ತದೆ.

ಪಾದರಸ ಬಿಟ್ಟುಹೋಗುವ ಜಾಗ

ಇಡೀ ವ್ಯವಸ್ಥೆ 365 ನ್ಯಾನೊಮೀಟರ್ ಎಂಬ ಒಂದು ತರಂಗಾಂತರದ ಸುತ್ತ ಹೆಣೆದುಕೊಂಡಿದೆ. ಅದನ್ನು ಯಾರೂ ಕೂತು ಯೋಚಿಸಿ ಆರಿಸಲಿಲ್ಲ. ಪಾದರಸದ ಆವಿಯಲ್ಲಿ ವಿದ್ಯುತ್ ಹರಿಸಿದರೆ ಹೊಮ್ಮುವ ಬಲವಾದ ಗೆರೆಗಳಲ್ಲಿ ಅದೊಂದು. ವುಡ್ ಫಿಲ್ಟರ್ ದಾಟಿಸುವುದೂ ಅದನ್ನೇ. ಸಿಕ್ಕ ದೀಪಕ್ಕೆ ತಕ್ಕ ದ್ರಾವಣ, ದ್ರಾವಣಕ್ಕೆ ತಕ್ಕ ಬೆಳಕಿನ ಮೀಟರ್, ಮೀಟರಿಗೆ ತಕ್ಕ ನಿಯಮ ಎಂದು ಒಂದರ ಮೇಲೊಂದು ಕಟ್ಟುತ್ತ ಬಂದರು. ಬುನಾದಿಯಲ್ಲಿದ್ದದ್ದು 100 ವಾಟ್‌ನ ಸಾಮಾನ್ಯ ಪಾದರಸ ಬಲ್ಬು, ಬೀದಿದೀಪಗಳ ಸೋದರಸಂಬಂಧಿ.

ಪಾದರಸದ ಮೇಲೆ ಜಗತ್ತು ಕಣ್ಣು ಹಾಯಿಸಿದ್ದು ಸರಿಯಾದ ಕಾರಣಕ್ಕೇ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಪಾದರಸ ಮೀನಿನ ಮೂಲಕ ಜನರ ನರಮಂಡಲವನ್ನು ಹಾಳುಗೆಡವಿದ ದುರಂತದ ಹೆಸರನ್ನೇ ಹೊತ್ತ ಮಿನಮಾಟ ಒಪ್ಪಂದ 2013ರಲ್ಲಿ ಅಂಗೀಕಾರವಾಗಿ 2017ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ಸಾಮಾನ್ಯ ಬೆಳಕಿಗಾಗಿ ಬಳಸುವ ಪಾದರಸ ಆವಿ ದೀಪಗಳಿಗೆ ಒಪ್ಪಂದ ಇಟ್ಟ ಗಡುವು 2020. 2023ರಲ್ಲಿ ಜಿನೀವಾದಲ್ಲಿ ಸೇರಿದ ಸದಸ್ಯ ರಾಷ್ಟ್ರಗಳು ಟ್ಯೂಬ್‌ಲೈಟ್‌ಗಳ ತಯಾರಿಕೆ ಮತ್ತು ವ್ಯಾಪಾರವನ್ನೂ 2027ರೊಳಗೆ ಮುಗಿಸಲು ತೀರ್ಮಾನಿಸಿದವು.

ಇಲ್ಲೊಂದು ಸೂಕ್ಷ್ಮವಿದೆ. ತಪಾಸಣೆಯ ನೇರಳಾತೀತ ದೀಪ 'ಸಾಮಾನ್ಯ ಬೆಳಕಿನ' ದೀಪವಲ್ಲ, ಆದ್ದರಿಂದ ಒಪ್ಪಂದ ಅದನ್ನು ನೇರವಾಗಿ ನಿಷೇಧಿಸುವುದಿಲ್ಲ. ಯುರೋಪಿನ ಒಕ್ಕೂಟವೂ ನೇರಳಾತೀತ ದೀಪಗಳಿಗೆ ಪ್ರತ್ಯೇಕ ವಿನಾಯಿತಿ ಕೊಟ್ಟಿತು. ಆದರೆ ಆ ವಿನಾಯಿತಿಗೂ 2027ರ ಫೆಬ್ರವರಿ ಎಂಬ ದಿನಾಂಕ ಅಂಟಿಸಿತು. ಅದಕ್ಕಿಂತ ಬಲವಾದ ಪೆಟ್ಟು ಕಾನೂನಿನಿಂದಲ್ಲ, ಲೆಕ್ಕಾಚಾರದಿಂದ ಬೀಳುತ್ತದೆ. ಊರೂರಿನ ಬೀದಿಗಳಿಗೆ ಲಕ್ಷಗಟ್ಟಲೆ ಬಲ್ಬು ಮಾಡುತ್ತಿದ್ದ ಸಾಲಿನಲ್ಲೇ ಕೆಲವು ಸಾವಿರ ವಿಶೇಷ ಬಲ್ಬುಗಳೂ ಹುಟ್ಟುತ್ತಿದ್ದವು. ಬೀದಿದೀಪ ಎಲ್‌ಇಡಿಗೆ ಹೋದ ಮೇಲೆ ಬರೀ ಬಿರುಕು ನೋಡುವವರಿಗಾಗಿ ಆ ಸಾಲನ್ನು ಯಾರು ಓಡಿಸುತ್ತಾರೆ?

ಎಲ್‌ಇಡಿ ತಂದ ಸುಖ, ತಂದ ತೊಡಕು

ನೀಲಿ ಎಲ್‌ಇಡಿಯನ್ನು ಸಾಧ್ಯವಾಗಿಸಿದ ಇಸಾಮು ಅಕಾಸಾಕಿ, ಹಿರೋಷಿ ಅಮಾನೊ ಮತ್ತು ಶುಜಿ ನಕಾಮುರಾ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಅದೇ ಗ್ಯಾಲಿಯಂ ನೈಟ್ರೈಡ್ ಕುಟುಂಬದ ಅರೆವಾಹಕಗಳಿಂದ 365 ನ್ಯಾನೊಮೀಟರ್ ಎಲ್‌ಇಡಿಯೂ ಬಂದಿದೆ. ಬೂತಿನಲ್ಲಿ ದಿನವಿಡೀ ನಿಲ್ಲುವವರಿಗೆ ಇದು ನಿಜಕ್ಕೂ ಸುಖ. ಪಾದರಸದ ದೀಪ ಹೊತ್ತಿಸಿದರೆ ಪೂರ್ಣ ಬೆಳಗಲು ನಿಮಿಷಗಳು ಬೇಕು. ಕರೆಂಟು ಹೋಗಿ ಆರಿದರೆ ಬಲ್ಬು ತಣಿಯುವವರೆಗೆ ಮತ್ತೆ ಹೊತ್ತುವುದಿಲ್ಲ. ಮುಟ್ಟಿದರೆ ಕೈ ಸುಡುತ್ತದೆ, ಬಿದ್ದು ಒಡೆದರೆ ಪಾದರಸ ನೆಲಕ್ಕೆ. ಎಲ್‌ಇಡಿ ಸ್ವಿಚ್ ಒತ್ತಿದ ಕೂಡಲೇ ಉರಿಯುತ್ತದೆ, ಬ್ಯಾಟರಿಯಲ್ಲೂ ನಡೆಯುತ್ತದೆ.

ತೊಡಕು ಬೇರೆ ಕಡೆ ಇದೆ. ಪಾದರಸ ಹೊಮ್ಮಿಸುವುದು ಕೆಲವೇ ಚೂಪಾದ ಗೆರೆಗಳನ್ನು. ಎಲ್‌ಇಡಿಯ ಬೆಳಕು ಒಂದು ಗುಡ್ಡದಂತೆ ಹರಡಿಕೊಂಡು, ಅದರ ಬಾಲ ಕಣ್ಣಿಗೆ ಕಾಣುವ ನೇರಳೆಯ ಕಡೆಗೂ ಚಾಚುತ್ತದೆ. ಆ ಬಾಲವನ್ನು ಕತ್ತರಿಸುವ ಫಿಲ್ಟರ್ ಹಾಕದಿದ್ದರೆ ಲೋಹವೇ ಮಬ್ಬಾಗಿ ಬೆಳಗಿ, ಹೊಳೆಯುವ ಗೆರೆ ಅದರಲ್ಲಿ ಕರಗುತ್ತದೆ. ಅಗ್ಗದ ಟಾರ್ಚುಗಳಲ್ಲಿ ಇದೇ ಕಥೆ. ಅವುಗಳಲ್ಲಿ ಬಹಳಷ್ಟು 395 ನ್ಯಾನೊಮೀಟರ್ ಸುತ್ತಮುತ್ತ ಬೆಳಗುವಂಥವು. ಹಿಡಿದವರಿಗೆ ಎಲ್ಲವೂ ನೇರಳೆಯಾಗಿ ಕಂಡು, ದೀಪ ಬಲು ಜೋರಾಗಿದೆ ಎನಿಸುತ್ತದೆ. ಬಿರುಕು ನೋಡುವ ಕೆಲಸದಲ್ಲಿ ಜೋರಾಗಿ ಕಾಣುವ ದೀಪವೇ ಕೆಟ್ಟ ದೀಪ.

ಇನ್ನೂ ಒಂದೆರಡು. ಚಿಪ್ ಬಿಸಿಯಾದಂತೆ ಎಲ್‌ಇಡಿಯ ತರಂಗಾಂತರ ತುಸು ಜರುಗುತ್ತದೆ, ತೀಕ್ಷ್ಣತೆ ಇಳಿಯುತ್ತದೆ. ಹಲವು ಎಲ್‌ಇಡಿಗಳನ್ನು ಜೋಡಿಸಿದ ದೀಪದಲ್ಲಿ ಹತ್ತಿರ ಹಿಡಿದರೆ ನಡುನಡುವೆ ಕತ್ತಲ ಕಲೆಗಳು ಮೂಡುತ್ತವೆ. ಪಾದರಸದ ಗೆರೆಗೆ ಹೊಂದಿಸಿ ಕ್ಯಾಲಿಬ್ರೇಟ್ ಮಾಡಿದ ಹಳೆಯ ಮೀಟರ್‌ನ ಸಂವೇದಕ 365ರ ಆಚೀಚೆ ಬೇರೆಯೇ ಪ್ರತಿಕ್ರಿಯೆ ತೋರುವುದರಿಂದ, ಎಲ್‌ಇಡಿಯಡಿ ಅದು ಕೊಡುವ ಅಂಕಿ ನಂಬಲರ್ಹವಲ್ಲ. ಮೀಟರ್ 1000 ಎನ್ನುತ್ತದೆ, ಭಾಗದ ಮೇಲೆ ಬೀಳುತ್ತಿರುವುದು ಬೇರೆ. ಈ ಎಲ್ಲವನ್ನೂ ಅಳೆದು ಪ್ರಮಾಣೀಕರಿಸಲು ಅಮೆರಿಕದ ಎಎಸ್‌ಟಿಎಂ ಸಂಸ್ಥೆ ಇ3022 ಎಂಬ ಪ್ರತ್ಯೇಕ ಮಾನಕವನ್ನೇ ತರಬೇಕಾಯಿತು. ಬಲ್ಬು ಬದಲಾಯಿಸುವುದು ಎಂದುಕೊಂಡದ್ದು ವಿಧಾನವನ್ನೇ ಬದಲಾಯಿಸುವ ಕೆಲಸವಾಗಿ ಕುಳಿತಿದೆ.

ಎಲ್‌ಇಡಿ ಕಥೆ ನೇರಳಾತೀತಕ್ಕೆ ಸೀಮಿತವಲ್ಲ. ಕಾರ್ಖಾನೆಯ ಹಳೆಯ ಹ್ಯಾಲೊಜನ್ ದೀಪಗಳು ಕಾಣುವ ಬೆಳಕಿಗಿಂತ ಹೆಚ್ಚು ಇನ್‌ಫ್ರಾರೆಡ್ ಹೊಮ್ಮಿಸುತ್ತಿದ್ದವು. ಸಿಲಿಕಾನ್ ಕ್ಯಾಮೆರಾಗಳು ಸುಮಾರು 1000 ನ್ಯಾನೊಮೀಟರ್‌ವರೆಗೆ, ಎಂದರೆ ನಮ್ಮ ಕಣ್ಣಿಗೆ ನಿಲುಕದ ಆ ಪಟ್ಟಿಯಲ್ಲೂ ನೋಡುತ್ತವೆ. ವಿದ್ಯುತ್ ಉಳಿತಾಯಕ್ಕೆಂದು ಹ್ಯಾಲೊಜನ್ ತೆಗೆದು ಬಿಳಿ ಎಲ್‌ಇಡಿ ಹಾಕಿದರೆ ಇನ್‌ಫ್ರಾರೆಡ್ ಪಾಲು ಹೆಚ್ಚುಕಡಿಮೆ ಸೊನ್ನೆ. ಮನುಷ್ಯರಿಗೆ ಕೋಣೆ ಮೊದಲಿಗಿಂತ ಬೆಳ್ಳಗೆ ಕಾಣುತ್ತದೆ, ಕ್ಯಾಮೆರಾಗೆ ನಿನ್ನೆ ಕಂಡ ದೋಷ ಇವತ್ತು ಕಾಣುವುದಿಲ್ಲ. ಆಗ ಎಲ್ಲರೂ ಸಾಫ್ಟ್‌ವೇರ್‌ನವರಿಗೆ ಫೋನ್ ಮಾಡುತ್ತಾರೆ.

ದೀಪವೇ ಇಡೀ ಉದ್ಯಮದ ಕುತ್ತಿಗೆಗೆ ಬಂದ ಉದಾಹರಣೆ ಬೇಕಿದ್ದರೆ ಚಿಪ್ ತಯಾರಿಕೆಯನ್ನು ನೋಡಬಹುದು. ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ಕಂಪನಿಯ ಅತಿಸೂಕ್ಷ್ಮ ಮುದ್ರಣ ಯಂತ್ರದಲ್ಲಿ ಬೆಳಕಿನ ಮೂಲ ಎಂದರೆ ಕರಗಿದ ತವರದ ಹನಿಗಳು. ಸೆಕೆಂಡಿಗೆ 50,000 ಹನಿಗಳು ನಿರ್ವಾತದಲ್ಲಿ ಉದುರುತ್ತವೆ. ಪ್ರತಿ ಹನಿಗೂ ಲೇಸರ್ ಮೊದಲು ಒಂದು ಸಣ್ಣ ಹೊಡೆತ ಕೊಟ್ಟು ಚಪ್ಪಟೆ ಮಾಡಿ, ಎರಡನೇ ಹೊಡೆತದಲ್ಲಿ ಪ್ಲಾಸ್ಮಾ ಆಗಿಸುತ್ತದೆ. ಅದರಿಂದ ಹೊಮ್ಮುವುದು 13.5 ನ್ಯಾನೊಮೀಟರ್ ಬೆಳಕು. ಗಾಳಿಯೂ ಗಾಜೂ ಅದನ್ನು ನುಂಗಿಬಿಡುವುದರಿಂದ ಮಸೂರದ ಬದಲು ಕನ್ನಡಿಗಳನ್ನು ಬಳಸುತ್ತಾರೆ. ಈ ಯಂತ್ರ ಮಾರುಕಟ್ಟೆಗೆ ಬರುವುದು ವರ್ಷಗಟ್ಟಲೆ ತಡವಾದದ್ದಕ್ಕೆ ಮುಖ್ಯ ಕಾರಣಗಳಲ್ಲೊಂದು, ಸಾಕಷ್ಟು ಪ್ರಖರ ದೀಪ ಸಿಗದಿದ್ದದ್ದು.

ಓಡುವ ರೈಲು, ನಿಲ್ಲದ ಬಿಸಿಲು

2025ರ ಜುಲೈನಲ್ಲಿ ಭಾರತೀಯ ರೈಲ್ವೆಯು ಸರಕು ಕಾರಿಡಾರ್ ನಿಗಮದೊಂದಿಗೆ ಒಂದು ಒಪ್ಪಂದ ಮಾಡಿಕೊಂಡಿತು. ಓಡುತ್ತಿರುವ ರೈಲಿನ ತಳಭಾಗವನ್ನು ಹಳಿಯ ಪಕ್ಕದ ಕ್ಯಾಮೆರಾಗಳಿಂದ ಚಿತ್ರೀಕರಿಸಿ, ಜೋತುಬಿದ್ದ, ಸಡಿಲವಾದ, ಕಳಚಿಹೋದ ಭಾಗಗಳನ್ನು ಯಂತ್ರವೇ ಗುರುತಿಸುವ ವ್ಯವಸ್ಥೆಯನ್ನು ಅಳವಡಿಸುವ ಒಪ್ಪಂದವದು. ಈ ಕೆಲಸವನ್ನು ಈಗ ಮಾಡುವವರು ಕ್ಯಾರೇಜ್ ಮತ್ತು ವ್ಯಾಗನ್ ವಿಭಾಗದ ಸಿಬ್ಬಂದಿ. ಹುಬ್ಬಳ್ಳಿಯಂಥ ಜಂಕ್ಷನ್‌ಗೆ ರೈಲು ಒಳಬರುವಾಗ ಹಳಿಯ ಎರಡೂ ಬದಿ ಕುಕ್ಕರುಗಾಲಲ್ಲಿ ಕೂತು ಚಕ್ರ, ಸ್ಪ್ರಿಂಗು, ಬ್ರೇಕಿನ ಸರಳುಗಳನ್ನು ನೋಡುತ್ತ ಕಿವಿಗೊಟ್ಟಿರುತ್ತಾರೆ. 'ರೋಲಿಂಗ್ ಇನ್' ತಪಾಸಣೆ ಎಂದರೆ ಇದೇ. ಪ್ರಯಾಣಿಕರ ಕಣ್ಣಿಗೆ ಅವರು ಬೀಳುವುದು ಅಪರೂಪ.

ಕ್ಯಾಮೆರಾಗೆ ಈ ಕೆಲಸ ಎಷ್ಟು ಕಷ್ಟ ಎಂಬುದಕ್ಕೆ ಸರಳ ಲೆಕ್ಕ ಸಾಕು. ಗಂಟೆಗೆ 60 ಕಿಲೋಮೀಟರ್ ವೇಗದ ರೈಲು ಒಂದು ಸೆಕೆಂಡಿನಲ್ಲಿ 16.7 ಮೀಟರ್ ಸಾಗುತ್ತದೆ. ಕ್ಯಾಮೆರಾದ ಷಟರ್ ಒಂದು ಮಿಲಿಸೆಕೆಂಡ್ ತೆರೆದಿದ್ದರೂ ಸಾಕು, ಚಿತ್ರ 16.7 ಮಿಲಿಮೀಟರ್ ಕಲಸಿಹೋಗಿ ಬೋಲ್ಟಿನ ತಲೆ ಎಲ್ಲಿ ಶುರುವಾಗುತ್ತದೆ ಎಂದೇ ತಿಳಿಯುವುದಿಲ್ಲ. ಮಸುಕು ಅರ್ಧ ಮಿಲಿಮೀಟರ್ ಮೀರಬಾರದು ಎಂದರೆ ಷಟರ್ 30 ಮೈಕ್ರೊಸೆಕೆಂಡ್ ಮಾತ್ರ ತೆರೆದಿರಬೇಕು. ಅಷ್ಟರೊಳಗೆ ಎಣ್ಣೆ, ಧೂಳು, ಬ್ರೇಕಿನ ಪುಡಿ ಮೆತ್ತಿ ಕರ್ರಗಾದ ಕಬ್ಬಿಣದಿಂದ ಸಾಕಷ್ಟು ಬೆಳಕು ಕ್ಯಾಮೆರಾ ತಲುಪಬೇಕು. ಮೇಲೆ ಮಟಮಟ ಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್‌ನಷ್ಟು ಸುರಿಯುತ್ತಿರುತ್ತದೆ. ಒಂದು ಬದಿ ಬಿಸಿಲು, ಇನ್ನೊಂದು ಬದಿ ಕಡುನೆರಳು, ಸಂಜೆಗೆ ಅದಲುಬದಲು.

ಇದಕ್ಕೆ ಉತ್ತರ ಕಂಡುಕೊಂಡದ್ದೂ ದೀಪದವರೇ. 1930ರ ದಶಕದಲ್ಲಿ ಎಂಐಟಿಯ ಹೆರಾಲ್ಡ್ ಎಡ್ಜರ್ಟನ್ ಕ್ಸೆನಾನ್‌ನಂಥ ಅನಿಲ ತುಂಬಿದ ಕೊಳವೆಯಲ್ಲಿ ವಿದ್ಯುತ್ತಿನ ಚುಟುಕು ಸ್ಫೋಟ ಮಾಡಿಸಿ, ತಿರುಗುವ ಯಂತ್ರವನ್ನು ನಿಂತಂತೆ ತೋರಿಸುವ ಸ್ಟ್ರೋಬ್ ದೀಪವನ್ನು ಬೆಳೆಸಿದರು. ಈಗ ಆ ಜಾಗದಲ್ಲಿ ಎಲ್‌ಇಡಿ ಇದೆ. ಕೆಲವೇ ಮೈಕ್ರೊಸೆಕೆಂಡುಗಳ ಮಿಂಚಿಗಾಗಿ ಎಲ್‌ಇಡಿಗೆ ಅದರ ನಿಗದಿತ ಕರೆಂಟಿನ ಹಲವು ಪಟ್ಟು ಹರಿಸಬಹುದು, ಬಿಸಿಯಾಗುವಷ್ಟರಲ್ಲಿ ಆರಿರುತ್ತದೆ. ಷಟರ್ ಮತ್ತು ದೀಪ ಒಟ್ಟಿಗೆ ತೆರೆದು ಮುಚ್ಚುತ್ತವೆ. ದೀಪಕ್ಕೆ ಒಂದು ಕಿರಿದಾದ ಪಟ್ಟಿಯ ಬೆಳಕನ್ನು ಆರಿಸಿ, ಕ್ಯಾಮೆರಾದ ಮುಂದೆ ಅದೇ ಪಟ್ಟಿಯನ್ನಷ್ಟೇ ದಾಟಿಸುವ ಫಿಲ್ಟರ್ ಕೂರಿಸಿದರೆ ಸೂರ್ಯನ ಬೆಳಕಿನ ಬಹುಪಾಲು ಹೊರಗೇ ಉಳಿಯುತ್ತದೆ. ಆ ಪಟ್ಟಿ ಇನ್‌ಫ್ರಾರೆಡ್ ಆಗಿದ್ದರೆ ರಾತ್ರಿ ಲೋಕೊ ಪೈಲಟ್ ಕಣ್ಣೂ ಕೋರೈಸುವುದಿಲ್ಲ.

ಇಷ್ಟಾದರೂ ಬೋಲ್ಟ್ ಕಳಚಿಹೋದ ರಂಧ್ರವೂ ಗ್ರೀಸ್ ಮೆತ್ತಿದ ಬೋಲ್ಟಿನ ತಲೆಯೂ ಚಿತ್ರದಲ್ಲಿ ಒಂದೇ ಕಪ್ಪು. ಇಲ್ಲಿ ದೀಪದ ಕೋನ ಕೆಲಸಕ್ಕೆ ಬರುತ್ತದೆ. ಎದುರಿನಿಂದ ಬಿದ್ದ ಬೆಳಕು ಉಬ್ಬುತಗ್ಗುಗಳನ್ನು ಅಳಿಸಿಹಾಕುತ್ತದೆ. ಮೇಲ್ಮೈಯನ್ನು ಸವರಿಕೊಂಡು ಹೋಗುವ ಓರೆ ಬೆಳಕಿನಲ್ಲಿ ಪ್ರತಿ ಅಂಚೂ ನೆರಳು ಚಾಚುತ್ತದೆ. ಹೊಳೆಯುವ ಉಕ್ಕಿನ ಹಾಳೆಯ ಮೇಲಿನ ಗೀರು ಹುಡುಕುವವರು ಈ ಓರೆ ದೀಪವನ್ನೇ ನಂಬುವುದು. 1980ರಲ್ಲಿ ರಾಬರ್ಟ್ ವುಡ್‌ಹ್ಯಾಮ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕ್ಯಾಮೆರಾವನ್ನು ಅಲುಗಿಸದೆ ದೀಪದ ದಿಕ್ಕನ್ನಷ್ಟೇ ಬದಲಿಸುತ್ತ ತೆಗೆದ ಚಿತ್ರಗಳಿಂದ ಮೇಲ್ಮೈಯ ಪ್ರತಿ ಬಿಂದುವಿನ ಓರೆಯನ್ನು ಲೆಕ್ಕ ಹಾಕುವ ದಾರಿ ತೋರಿದರು. ಓಡುವ ರೈಲಿಗೆ ಅದು ಸುಲಭವಲ್ಲ. ಅಲ್ಲಿ ಲೇಸರ್ ಗೆರೆಯೊಂದನ್ನು ಬೀಳಿಸಿ ಅದು ಎಲ್ಲಿ ಬಾಗುತ್ತದೆ ಎಂಬುದರಿಂದ ಎತ್ತರ ಅಳೆಯುವುದು ವಾಸಿ. ರಂಧ್ರವಿದ್ದಲ್ಲಿ ಗೆರೆ ಕುಸಿಯುತ್ತದೆ, ಬೋಲ್ಟಿದ್ದಲ್ಲಿ ಏಳುತ್ತದೆ, ಗ್ರೀಸ್ ಇದ್ದರೂ ಇಲ್ಲದಿದ್ದರೂ.

ಕ್ಯಾಮೆರಾ ತಂತ್ರಜ್ಞಾನವನ್ನು ಕಡೆಗಣಿಸುತ್ತಿಲ್ಲ. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದ, ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಸಿಸಿಡಿ ಸಂವೇದಕ ಇಲ್ಲದಿದ್ದರೆ ಈ ಯಾವ ಮಾತೂ ಇರುತ್ತಿರಲಿಲ್ಲ. ಆದರೆ ಒಳ್ಳೆಯ ಸಂವೇದಕ ಇವತ್ತು ಕ್ಯಾಟಲಾಗ್ ನೋಡಿ ತರಿಸಬಹುದಾದ ಸರಕು. ಒಂದು ನಿರ್ದಿಷ್ಟ ದೋಷಕ್ಕೆ ತಕ್ಕ ದೀಪ ಹಾಗೆ ಸಿಗುವುದಿಲ್ಲ. ಅದನ್ನು ಆ ಜಾಗದಲ್ಲೇ ನಿಂತು ರೂಪಿಸಬೇಕು.

ಕಾಫಿ ಬೀಜ ಮತ್ತು ಸೌರಫಲಕ

ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವ ನಮ್ಮ ರಾಜ್ಯದಲ್ಲಿ ಈ ಮಾತಿಗೆ ರುಚಿಕಟ್ಟಾದ ಸಾಕ್ಷಿಯೊಂದಿದೆ. ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಹೆಂಗಸರು ಸಾಲಾಗಿ ಕೂತು ಕಪ್ಪು, ಒಡಕು, ಹುಳುಕು ಬೀಜಗಳನ್ನು ಕೈಯಿಂದ ಆರಿಸುತ್ತಿದ್ದ ಕೆಲಸಕ್ಕೆ ಕಲರ್ ಸಾರ್ಟರ್ ಯಂತ್ರಗಳು ಬಂದು ಬಹಳ ವರ್ಷವಾಯಿತು. ಬೀಜಗಳು ಇಳಿಜಾರಿನಿಂದ ಜಾರಿ ಗಾಳಿಯಲ್ಲಿ ಬೀಳುವಾಗ ಹಿಂದುಮುಂದಿನ ಕ್ಯಾಮೆರಾಗಳು ನೋಡುತ್ತವೆ. ಕೆಟ್ಟದ್ದು ಕಂಡರೆ ಗಾಳಿಯ ಚಿಮ್ಮು ಅದೊಂದನ್ನೇ ಪಕ್ಕಕ್ಕೆ ಹಾರಿಸುತ್ತದೆ. ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳ ಯಂತ್ರವೂ ಇದೇ ತತ್ವದ್ದು.

ಆದರೆ 'ಸ್ಟಿಂಕರ್' ಬೀಜ ಬಣ್ಣದಲ್ಲಿ ಸಿಕ್ಕಿಬೀಳುವುದಿಲ್ಲ. ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪಿಂಗ್ ಆದ ಮೇಲೆ ಎಲ್ಲೋ ಸಿಕ್ಕಿಕೊಂಡು ಅತಿಯಾಗಿ ಹುಳಿತ ಈ ಬೀಜ ಹೊರನೋಟಕ್ಕೆ ಸಾಧಾರಣವಾಗಿರುತ್ತದೆ, ಕುದಿಸಿದಾಗ ಇಡೀ ಪಾತ್ರೆಯ ಕಾಫಿಯನ್ನು ನಾರಿಸುತ್ತದೆ. ನೇರಳಾತೀತ ಬೆಳಕಿನಡಿ ಇಂಥ ಬೀಜ ಉಳಿದವುಗಳಿಗಿಂತ ಬೆಳ್ಳಗೆ ಹೊಳೆಯುತ್ತದೆ. ಹಾಗಾಗಿಯೇ ಸಾರ್ಟರ್‌ಗಳಲ್ಲಿ ನೇರಳಾತೀತ ದೀಪ ಸೇರಿದ್ದು. ಬಿಳಿ ಬೆಳಕಿನಲ್ಲಿ ಅದೇ ಕ್ಯಾಮೆರಾವನ್ನು ಎಷ್ಟು ತರಬೇತುಗೊಳಿಸಿದರೂ ಸಿಗದಿದ್ದದ್ದು ದೀಪ ಬದಲಾಯಿಸಿದ ಕ್ಷಣ ಸಿಕ್ಕಿತು.

ಸೌರಫಲಕಗಳ ವಿಷಯದಲ್ಲಿ ಇನ್ನೂ ಜಾಣತನದ ಉಪಾಯವಿದೆ, ಅಲ್ಲಿ ದೀಪವೇ ಬೇಡ. ಸಾಗಿಸುವಾಗ, ಕೂರಿಸುವಾಗ ಫಲಕದ ತೆಳು ಸಿಲಿಕಾನ್ ಬಿಲ್ಲೆಗಳು ಒಳಗೊಳಗೇ ಸೀಳುತ್ತವೆ, ಗಾಜಿನ ಮೇಲಿಂದ ಏನೂ ಕಾಣುವುದಿಲ್ಲ. ಫಲಕದಿಂದ ವಿದ್ಯುತ್ ಪಡೆಯುವ ಬದಲು ಅದಕ್ಕೇ ವಿದ್ಯುತ್ ಹರಿಸಿದರೆ ಸಿಲಿಕಾನ್ ಸುಮಾರು 1150 ನ್ಯಾನೊಮೀಟರ್‌ನ ಇನ್‌ಫ್ರಾರೆಡ್‌ನಲ್ಲಿ ಮಂದವಾಗಿ ಬೆಳಗುತ್ತದೆ. ಸಂಪರ್ಕ ಕಡಿದುಹೋದ ತುಂಡು ಕಪ್ಪಾಗಿಯೇ ಉಳಿಯುತ್ತದೆ. ಈ ಬೆಳಕು ಸಾಮಾನ್ಯ ಸಿಲಿಕಾನ್ ಕ್ಯಾಮೆರಾದ ಮಿತಿಯ ಅಂಚಿನಲ್ಲಿ ಇರುವುದರಿಂದ ಅದು ಬಹಳ ಹೊತ್ತು ಕಣ್ಣು ಬಿಟ್ಟಿರಬೇಕು. ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಸಂವೇದಕದ ಕ್ಯಾಮೆರಾಗೆ ಸುಲಭ, ಬೆಲೆ ಮಾತ್ರ ಹಲವು ಪಟ್ಟು. ಪಾವಗಡದಂಥ 2,050 ಮೆಗಾವಾಟ್ ಸೌರ ಉದ್ಯಾನದಲ್ಲಿ ಎಷ್ಟು ಲಕ್ಷ ಫಲಕಗಳಿರುತ್ತವೆ ಎಂದು ಯೋಚಿಸಿದರೆ ಒಂದೊಂದನ್ನೂ ರಾತ್ರಿ ಹೀಗೆ ಬೆಳಗಿಸಿ ನೋಡುವುದು ಆಗದ ಮಾತು. ಆಯ್ದ ಮಾದರಿಗಳಿಗಷ್ಟೇ ಇದನ್ನು ಮಾಡಬಹುದು.

ಲೆಕ್ಕ ಯಾರದು

ಇಷ್ಟು ಹೇಳಿದ ಮೇಲೆ ಎದುರುವಾದವನ್ನೂ ನೋಡಬೇಕು. ಬೆಳಕಿನಿಂದಲೇ ಎಲ್ಲವೂ ಸಾಧ್ಯವಿಲ್ಲ. 2018ರ ಏಪ್ರಿಲ್ 17ರಂದು ಅಮೆರಿಕದಲ್ಲಿ ಸೌತ್‌ವೆಸ್ಟ್ ಏರ್‌ಲೈನ್ಸ್‌ನ 1380ನೇ ವಿಮಾನದ ಎಂಜಿನ್‌ನಲ್ಲಿ ಫ್ಯಾನಿನ ಅಲಗೊಂದು ಮುರಿದು, ಕಿಟಕಿ ಒಡೆದು ಒಬ್ಬ ಪ್ರಯಾಣಿಕರು ಮೃತಪಟ್ಟರು. ಆ ಅಲಗು 2012ರಲ್ಲಿ ಹೊಳೆಯುವ ದ್ರಾವಣದ ತಪಾಸಣೆ ದಾಟಿ ಬಂದಿತ್ತು. ಆಗಲೇ ಇದ್ದಿರಬಹುದಾದ ಬಿರುಕು ಪತ್ತೆಯಾಗಿರಲಿಲ್ಲ. ಅದೇ ಬಗೆಯ ಎಂಜಿನ್‌ನಲ್ಲಿ 2016ರಲ್ಲಿ ಇಂಥದೇ ಘಟನೆ ನಡೆದ ಮೇಲೆ ತಯಾರಕರು, ಲೋಹದಲ್ಲಿ ಹುಟ್ಟಿಸಿದ ಸುಳಿ ವಿದ್ಯುತ್ತನ್ನು ಬಿರುಕು ಕೆಡಿಸುವುದನ್ನು ಗುರುತಿಸುವ ವಿದ್ಯುತ್ಕಾಂತೀಯ ಎಡಿ ಕರೆಂಟ್ ಪರೀಕ್ಷೆಯನ್ನು ಸೇರಿಸಿದ್ದರು. ಅದಕ್ಕೆ ದೀಪವೂ ಬೇಡ, ಕಣ್ಣೂ ಬೇಡ. ಬೆಳಕಿನ ವಿಧಾನದ ಮಿತಿ ಎಲ್ಲಿ ಮುಗಿಯುತ್ತದೆ ಎಂದು ಒಪ್ಪಿಕೊಳ್ಳುವುದೂ ಈ ಕಸುಬಿನ ಭಾಗವೇ.

ಕೃತಕ ಬುದ್ಧಿಮತ್ತೆ ವ್ಯರ್ಥ ಎಂಬ ತೀರ್ಮಾನಕ್ಕೂ ನಾನು ಬರುತ್ತಿಲ್ಲ. ಬೂತಿನಲ್ಲಿ ಗಂಟೆಗಟ್ಟಲೆ ನಿಂತ ಕಣ್ಣು ದಣಿಯುತ್ತದೆ, ಸಾವಿರ ಒಳ್ಳೆಯ ಭಾಗಗಳ ನಂತರ ಬರುವ ಒಂದು ಕೆಟ್ಟದ್ದನ್ನು ಮನಸ್ಸು ಒಳ್ಳೆಯದೆಂದೇ ನೋಡುತ್ತದೆ. ಯಂತ್ರಕ್ಕೆ ಆ ಬೇಸರವಿಲ್ಲ. ಆದರೆ ಅದು ಕಲಿಯುವುದು ಒಂದು ದೀಪದಡಿ ತೆಗೆದ ಚಿತ್ರಗಳಿಂದ. ಎಲ್‌ಇಡಿ ಹಳೆಯದಾಗಿ ಮಂಕಾದರೆ, ಪಕ್ಕದ ಕಿಟಕಿಯಿಂದ ಮಳೆಗಾಲದಲ್ಲಿ ಒಂದು ಬೆಳಕು, ಬೇಸಿಗೆಯಲ್ಲಿ ಇನ್ನೊಂದು ಬೆಳಕು ಬಿದ್ದರೆ ಕಲಿತದ್ದು ತಲೆಕೆಳಗಾಗುತ್ತದೆ. ಮನುಷ್ಯ ತಪಾಸಕರು ದೀಪ ಮಂಕಾಯಿತೆಂದು ಗೊಣಗುತ್ತಾರೆ. ಯಂತ್ರ ಗೊಣಗುವುದಿಲ್ಲ, ಉತ್ತರ ಕೊಡುತ್ತಲೇ ಹೋಗುತ್ತದೆ. ಯಂತ್ರ ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ ಎಷ್ಟು ಮೆಗಾಪಿಕ್ಸೆಲ್ ಎಂಬುದಾಗಿರುವವರೆಗೆ ಈ ಸಮಸ್ಯೆ ಮುಂದುವರಿಯುತ್ತದೆ. ದೀಪ ಎಷ್ಟು ದಿನಕ್ಕೊಮ್ಮೆ ಅಳತೆಯಾಗುತ್ತದೆ, ಅಳೆಯುವವರು ಯಾರು ಎಂಬುದನ್ನು ಖರೀದಿ ಕರಾರಿನಲ್ಲೇ ಬರೆಸಿಕೊಳ್ಳಬೇಕು.

ಎಲ್ಲಕ್ಕಿಂತ ದುಬಾರಿ ಭಾಗ ಒಂದಿದೆ, ಅದರ ಚರ್ಚೆ ನಮ್ಮಲ್ಲಿ ಆಗುತ್ತಲೇ ಇಲ್ಲ. ದೀಪ ಬದಲಾದರೆ ತಪಾಸಣೆಯ ಸಾಮರ್ಥ್ಯ ಹಾಗೆಯೇ ಉಳಿದಿದೆ ಎಂದು ಹೊಸದಾಗಿ ಸಾಬೀತು ಮಾಡಬೇಕು. ವಿಮಾನೋದ್ಯಮ ಒಪ್ಪುವ ಅಳತೆ, ಇಂತಿಷ್ಟು ಉದ್ದದ ಬಿರುಕನ್ನು ನೂರಕ್ಕೆ ತೊಂಬತ್ತು ಸಲ ಹಿಡಿಯುತ್ತೇವೆ ಎಂಬುದನ್ನು ಶೇ 95 ವಿಶ್ವಾಸದಲ್ಲಿ ತೋರಿಸುವುದು. ಅದಕ್ಕೆ ಅತಿ ಸರಳ ದಾರಿಯೆಂದರೆ ಆ ಉದ್ದದ 29 ಬಿರುಕುಗಳನ್ನು ಒಂದೂ ತಪ್ಪದೆ ಹುಡುಕುವುದು. ಒಂದು ತಪ್ಪಿದರೆ 29 ಸಾಲದು, ಇನ್ನೂ ಹೆಚ್ಚು ಬೇಕು. ನಿಜವಾದ ಆಯಾಸದ ಬಿರುಕುಗಳನ್ನು, ಅದೂ ಗೊತ್ತಾದ ಅಳತೆಯಲ್ಲಿ, ಟೈಟಾನಿಯಂ ಮತ್ತು ನಿಕಲ್ ತುಣುಕುಗಳಲ್ಲಿ ಬೆಳೆಸಿ ಇಟ್ಟುಕೊಳ್ಳುವುದು ಪೀಣ್ಯದ ಸಣ್ಣ ಘಟಕದ ಕೈಗೆ ಎಟುಕುವ ಖರ್ಚಲ್ಲ. ಅದೇ ತುಮಕೂರು ರಸ್ತೆಯಲ್ಲಿ 1960ರ ದಶಕದಿಂದ ಇರುವ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯಂಥ ಸರ್ಕಾರಿ ಸಂಸ್ಥೆಯಲ್ಲಿ ಇಂಥ ಮಾದರಿಗಳ ಸಾಮಾನ್ಯ ಸಂಗ್ರಹ, ಎಲ್‌ಇಡಿಗೆ ತಕ್ಕ ಮೀಟರ್‌ಗಳ ಕ್ಯಾಲಿಬ್ರೇಷನ್, ಬಾಡಿಗೆಗೆ ಒಂದು ಕತ್ತಲೆ ಬೂತು ಇಟ್ಟರೆ ಹಲವು ಘಟಕಗಳು ಒಂದೇ ಖರ್ಚನ್ನು ಹಂಚಿಕೊಳ್ಳಬಹುದು. ದೊಡ್ಡ ಕಂಪನಿಗಳು ಹೇಗೂ ದಾರಿ ಮಾಡಿಕೊಳ್ಳುತ್ತವೆ. ಕೊನೆಯ ಪಾದರಸ ಬಲ್ಬು ಸುಟ್ಟುಹೋದ ದಿನ ಆನ್‌ಲೈನ್‌ನಲ್ಲಿ ಟಾರ್ಚು ತರಿಸಿಕೊಂಡು ಕೆಲಸ ಮುಂದುವರಿಸುವವರು ಸಣ್ಣವರು, ಮತ್ತು ಅವರು ಮಾಡುವ ಭಾಗಗಳೂ ಹಾರುವ ವಿಮಾನಗಳಿಗೇ ಹೋಗುತ್ತವೆ.